ಎಣ್ಣೆ ಹಚ್ಚುವ ಕೈ, ಒರೆಸುವ ಕೈ

ಜಪಾನಿನ ಹಮಾಮತ್ಸುವಿನ ಆ ಮನೆಯಲ್ಲಿ ಎರಡು ಸರ್ಕಾರಗಳು ನಡೆಯುತ್ತಿದ್ದವು. ಒಂದು ಎಣ್ಣೆಯದು, ಇನ್ನೊಂದು ಸ್ಯಾನಿಟೈಸರಿನದು. ಎಣ್ಣೆಯ ಸರ್ಕಾರ ಅಜ್ಜಿಯದು. ಅಪ್ಪನ ತಾಯಿ ಆಕೆ, ಕೊಡಗಿನವಳು. ಮೊಮ್ಮಗಳ ಜೊತೆ ಒಂದಷ್ಟು ದಿನ ಇದ್ದು ಹೋಗುತ್ತೇನೆಂದು ಬಂದವಳು ಕೊರೊನಾ ಬಂದು ವಿಮಾನಗಳೆಲ್ಲ ನಿಂತಮೇಲೆ ನಮ್ಮಲ್ಲೇ ಉಳಿದುಬಿಟ್ಟಿದ್ದಳು. ಬರುವಾಗ ಸೀರೆಗಳ ನಡುವೆ ಸುತ್ತಿ ಹರಳೆಣ್ಣೆಯ ಬಾಟಲಿಗಳನ್ನು ತಂದಿದ್ದಳು. ನನ್ನ ನೆತ್ತಿಗೆ, ಅವಳ ಮೊಣಕಾಲಿಗೆ, ಸರಿಯುವ ಬಾಗಿಲಿನ ಹಳಿಗೆ, ಹೊಲಿಗೆ ಯಂತ್ರಕ್ಕೆ, ಎಲ್ಲಕ್ಕೂ ಅದೇ ಮದ್ದು. ಸ್ಯಾನಿಟೈಸರಿನ ಸರ್ಕಾರ ಅಮ್ಮನದು. ಅಮ್ಮ ಮೈಸೂರಿನವಳು, ಮೊದಲೇ ಶುಚಿಯ ಹುಚ್ಚು, ಆಮೇಲೆ ಕೇಳಬೇಕೇ. ಮೂಲೆಯ ಕೊಂಬಿನಿ ಅಂಗಡಿಯಿಂದ ತಂದ ಹಾಲಿನ ಡಬ್ಬ, ಅಂಚೆಯ ಲಕೋಟೆ, ಕಿತ್ತಳೆ ಹಣ್ಣು, ಕೊನೆಗೆ ಬಾಗಿಲಲ್ಲಿ ನಿಂತ ನನ್ನನ್ನೂ ಆಲ್ಕೋಹಾಲಿನಲ್ಲಿ ಒರೆಸಿಯೇ ಒಳಗೆ ಬಿಡುತ್ತಿದ್ದಳು. ಅಜ್ಜಿ ಮುಟ್ಟಿದ್ದೆಲ್ಲ ಜಾರುತ್ತಿತ್ತು, ಅಮ್ಮ ಮುಟ್ಟಿದ್ದೆಲ್ಲ ಒಣಗುತ್ತಿತ್ತು. ಮಧ್ಯದಲ್ಲಿ ನಾನು, ಒಬ್ಬಳೇ ಪ್ರಜೆ. ಅಪ್ಪ ಎರಡೂ ಕಡೆ ಓಟು ಹಾಕುವ ಮನುಷ್ಯ.

ಅಜ್ಜಿ, ಅಪ್ಪ ತಮ್ಮೊಳಗೆ ಕೊಡವ ಭಾಷೆ ಆಡುತ್ತಿದ್ದರು. ಅಮ್ಮನೆದುರು ಎಲ್ಲರಿಗೂ ಕನ್ನಡ. ನನಗೆ ಅರ್ಥವಾಗುತ್ತಿದ್ದದ್ದು ಜಾಸ್ತಿ, ಬಾಯಿಗೆ ಬರುತ್ತಿದ್ದದ್ದು ಕಡಿಮೆ; ಇಂಗ್ಲಿಷಿನಲ್ಲಿ ಉತ್ತರ ಕೊಡುತ್ತಿದ್ದೆ, ಸಿಟ್ಟು ಬಂದರೆ ಜಪಾನಿಯಲ್ಲಿ. ಅತ್ತೆ ಸೊಸೆ ನೇರವಾಗಿ ಜಗಳವಾಡಿದ್ದನ್ನು ನಾನು ಕಂಡಿಲ್ಲ. ಅಮ್ಮ ಊಟದ ಮೇಜನ್ನು ಒರೆಸಿ ಹೋಗುತ್ತಿದ್ದಳು, ಅಜ್ಜಿ ಅದರ ಮೇಲೆ ಎಣ್ಣೆ ಕೈ ಊರಿ ಕೂರುತ್ತಿದ್ದಳು, ಅಮ್ಮ ಮತ್ತೆ ಬಂದು ಒರೆಸುತ್ತಿದ್ದಳು. ಜಗಳ ಎಂದರೆ ಇಷ್ಟೇ, ಆದರೆ ಬೆಳಗಿನಿಂದ ಸಂಜೆಯವರೆಗೆ. ಮನೆಯ ಮೈಯನ್ನೇ ಒಣಗಿಸಿಬಿಟ್ಟಳು ಎಂದು ಅಜ್ಜಿ ನನ್ನ ಹತ್ತಿರ ದೂರುತ್ತಿದ್ದಳು. ಅಮ್ಮನ ಕೈಗಳಂತೂ ನಿಜಕ್ಕೂ ಒಣಗಿ ಗೆಣ್ಣುಗಳು ಒಡೆದು ರಕ್ತ ಜಿನುಗುತ್ತಿತ್ತು.

ಮನೆ ಇದ್ದದ್ದು ಊರಿನ ಉತ್ತರದ ಅಂಚಿನಲ್ಲಿ. ಕಿತ್ತಳೆ ತೋಟಗಳು ಮುಗಿದು ಬೆಟ್ಟ ಶುರುವಾಗುವ ಜಾಗ. ಹಳೆಯ ಮರದ ಮನೆ, ತೋಟದ ಕಡೆಗೆ ಉದ್ದಕ್ಕೂ ಹಲಗೆ ಹಾಸಿನ ಜಗಲಿ. ಮುಂಬಾಗಿಲೊಳಗೆ ಗೆಂಕಾನ್, ಅಂದರೆ ಚಪ್ಪಲಿ ಕಳಚುವ ತಗ್ಗು. ಅಲ್ಲಿಂದ ಒಂದು ಮರದ ಮೆಟ್ಟಿಲು ಹತ್ತಿದರೆ ಮನೆ. ಕಳಚಿದ ಪಾದರಕ್ಷೆಯ ಮೂತಿ ಬಾಗಿಲ ಕಡೆಗೆ ಇರಬೇಕು, ಹೊರಡುವವರಿಗೆ ಸುಲಭವಾಗಲಿ ಎಂದು. ಅದು ಅಲ್ಲಿಯ ರೂಢಿ. ಅಮ್ಮ ಅದನ್ನು ಜಪಾನಿಯರಿಗಿಂತ ಕಟ್ಟುನಿಟ್ಟಾಗಿ ಪಾಲಿಸುತ್ತಿದ್ದಳು, ಮಲಗುವ ಮುಂಚೆ ಎಲ್ಲರ ಚಪ್ಪಲಿಗಳನ್ನೂ ತಿರುಗಿಸಿ ಸಾಲಾಗಿಡುತ್ತಿದ್ದಳು. ಆ ಸಾಲಿನ ಕೊನೆಯಲ್ಲಿ ಯಾರದ್ದೂ ಅಲ್ಲದ ಒಂದು ಜೊತೆ ಇರುತ್ತಿತ್ತು, ದೊಡ್ಡ ರಬ್ಬರ್ ಚಪ್ಪಲಿ, ಅಂಗಳಕ್ಕೆ ಹೋಗುವವರು ಮೆಟ್ಟಿಕೊಳ್ಳಲು. ಸಂಜೆ ಐದಕ್ಕೆ ಕಂಬದ ಮೇಲಿನ ಮೈಕಿನಿಂದ ಮಕ್ಕಳ ಹಾಡೊಂದರ ರಾಗ, ಅದರ ಹಿಂದೆ ಒಬ್ಬ ಹೆಂಗಸಿನ ನಿಧಾನ ದನಿ, ದಯವಿಟ್ಟು ಅನಗತ್ಯವಾಗಿ ಹೊರಗೆ ಹೋಗಬೇಡಿ. ದನಿ ಬೆಟ್ಟಕ್ಕೆ ಬಡಿದು ವಾಪಸ್ ಬಂದು ಅದನ್ನೇ ಮತ್ತೊಮ್ಮೆ ಹೇಳುತ್ತಿತ್ತು. ರಸ್ತೆಯಲ್ಲಿ ಕೇಳುವವರು ಯಾರೂ ಇರುತ್ತಿರಲಿಲ್ಲ. ಒಂದೆರಡು ಸಲ ಕಾಡುಹಂದಿಗಳು ರಸ್ತೆ ನಡುವೆ ನಿಂತು ಆ ದನಿ ಕೇಳುತ್ತಿದ್ದದ್ದನ್ನು ನಾನೇ ನೋಡಿದ್ದೇನೆ.

ಆ ಬಾಡಿಗೆ ಮನೆಯ ಯಜಮಾನರು ತೆರಾದಾ ಸಾನ್, ಪಕ್ಕದ ಮನೆಯಲ್ಲಿ ಒಬ್ಬರೇ ಇದ್ದರು. ಅಂಗಳ ಎರಡು ಮನೆಗೂ ಒಂದೇ. ಸದಾ ಮಾಸ್ಕ್; ಅವರ ಮೂಗು ಗಲ್ಲ ಹೇಗಿದೆ ಎಂದು ನನಗೆ ಕೊನೆಗೂ ಗೊತ್ತಾಗಲಿಲ್ಲ. ತೋಟಕ್ಕೆ ನುಗ್ಗುವ ಹಂದಿ, ಜಿಂಕೆಗಳನ್ನು ಹೊಡೆಯಲು ಊರಿನವರು ಕಟ್ಟಿಕೊಂಡ ತಂಡದಲ್ಲಿ ಅವರು ಹಿರಿಯರು. ರೈಫಲ್ಲಿನ ಕಾಡತೂಸುಗಳನ್ನು ತಾವೇ ತುಂಬಿಕೊಳ್ಳುತ್ತಿದ್ದರು, ಅದಕ್ಕೆ ಬೇಕಾದ ಪರವಾನಗಿಗಳೆಲ್ಲ ಇದ್ದವು. ಮದ್ದು, ಕೋವಿ ಇಟ್ಟ ಕೋಣೆಗೆ ಬೀಗದ ಮೇಲೆ ಬೀಗ. ನಮ್ಮನ್ನಿರಲಿ, ನಮ್ಮ ನೆರಳನ್ನೂ ಅತ್ತ ಬಿಡುತ್ತಿರಲಿಲ್ಲ. ಆದರೆ ಹಾರಿಸಿ ಉಳಿದ ಖಾಲಿ ಹಿತ್ತಾಳೆ ಕೊಳವೆಗಳನ್ನು ಅಂಗಳದಲ್ಲಿ ಕೂತು ಉಜ್ಜುತ್ತಿದ್ದರು. ಒಂದು ದಿನ ಅಜ್ಜಿ ಹೇಳದೆ ಕೇಳದೆ ಹೋಗಿ ಅವರ ತಟ್ಟೆಯಿಂದ ಒಂದನ್ನೆತ್ತಿ ಮೂಗಿಗೆ ಹಿಡಿದಳು. ಕಣ್ಣು ಮುಚ್ಚಿ ನಿಂತೇ ಇದ್ದಳು. ಮಾಸ್ಕ್ ಇಳಿಸಿದ್ದಾಳೆಂದು ಅಮ್ಮ ಒಳಗಿನಿಂದ ಕೂಗುತ್ತಿದ್ದಳು. ಅಜ್ಜಿ ತವರಿನ ಕೋವಿಗಳಿಗೆ ಎಣ್ಣೆ ಹಾಕುತ್ತ ಬೆಳೆದವಳು. ಕೊಡವ ಮನೆಯಲ್ಲಿ ಕೋವಿಗೂ ಹಬ್ಬವುಂಟು, ಹೂ ಮುಡಿಸಿ ಕೈ ಮುಗಿಯುತ್ತಾರೆ. ತೆರಾದಾ ಸಾನ್ ಅವಳ ಮುಖ ನೋಡಿ ಪಕ್ಕದಲ್ಲಿ ಇನ್ನೊಂದು ಸ್ಟೂಲು ತಂದಿಟ್ಟರು.

ಆ ಕೆಲಸ ನನಗೆ ಈಗಲೂ ಬೆರಳತುದಿಯಲ್ಲಿದೆ. ಗುಂಡು ಹಾರಿದಾಗ ಬಿಸಿಗೂ ಒತ್ತಡಕ್ಕೂ ಹಿತ್ತಾಳೆ ಕೊಳವೆ ಸ್ವಲ್ಪ ಉಬ್ಬುತ್ತದೆ. ಮತ್ತೆ ಬಳಸಬೇಕಾದರೆ ಅದನ್ನು ಉಕ್ಕಿನ ಅಚ್ಚಿನೊಳಗೆ ಒತ್ತಿ ಮೊದಲಿನ ಅಳತೆಗೆ ತರಬೇಕು. ಅದಕ್ಕೆ ಬೆಂಚಿಗೆ ಬಿಗಿದ ಕೈ ಪ್ರೆಸ್ಸು, ಉದ್ದನೆಯ ಹಿಡಿ. ಒಳಗೆ ಒತ್ತಬಹುದು, ಹೊರಗೆ ಎಳೆಯುವುದೇ ಪಾಡು. ಮೈಮೇಲೆ ಎಣ್ಣೆಯ ಪೊರೆ ಇಲ್ಲದಿದ್ದರೆ ಹಿತ್ತಾಳೆ ಉಕ್ಕನ್ನು ಕಚ್ಚಿಕೊಳ್ಳುತ್ತದೆ. ಎಳೆದರೆ ಬುಡದ ಅಂಚು ಹರಿದು ಕೈಗೆ ಬರುತ್ತದೆ, ಕೊಳವೆ ಅಚ್ಚಿನಲ್ಲೇ ಕೂತಿರುತ್ತದೆ. ಹಾಗೆಂದು ಎಣ್ಣೆ ಸುರಿಯುವಂತೆಯೂ ಇಲ್ಲ, ಹೆಚ್ಚಾದದ್ದು ಕೊಳವೆಯ ಭುಜದ ಹತ್ತಿರ, ಅಂದರೆ ಕೊರಳು ಕಿರಿದಾಗುವಲ್ಲಿ, ಸೇರಿಕೊಂಡು ಹಿತ್ತಾಳೆಗೆ ತಗ್ಗು ಬೀಳಿಸುತ್ತದೆ. ತೆರಾದಾ ಸಾನ್ ಹಚ್ಚುತ್ತಿದ್ದ ಜಿಡ್ಡು ಹೊರದೇಶದಿಂದ ಬರುತ್ತಿತ್ತು. ಕೊರೊನಾದಲ್ಲಿ ಅದು ನಿಂತುಹೋಗಿ ಡಬ್ಬದ ತಳ ಕಾಣುತ್ತಿತ್ತು. ಹೊಲಿಗೆ ಯಂತ್ರದ ಎಣ್ಣೆ ಹಾಕಿ ನೋಡಿದರೆ ಕೊಳವೆ ಒಳಗೆ ಹೋಗುವಾಗ ಹಲ್ಲು ಕಡಿದ ಹಾಗೆ ಸದ್ದು ಮಾಡಿತು. ಅಪ್ಪ ಕಾರ್ಖಾನೆಯಲ್ಲಿ ತಗಡನ್ನು ಒತ್ತಿ ಬಟ್ಟಲು ಮಾಡುವ ವಿಭಾಗದ ಇಂಜಿನಿಯರ್. ಅವನಿಗೆ ಈ ಕಚ್ಚಾಟ ದಿನನಿತ್ಯದ್ದು. ಅಜ್ಜಿಯ ಹರಳೆಣ್ಣೆಗೆ ಅಮ್ಮ ತನ್ನ ಒಡೆದ ಕೈಗೆಂದು ಔಷಧದಂಗಡಿಯಿಂದ ತಂದಿಟ್ಟ ಲ್ಯಾನೋಲಿನ್ ಮುಲಾಮು ಬೆರೆಸಿ ಕೊಟ್ಟ. ಕುರಿಯ ಉಣ್ಣೆಯ ಜಿಡ್ಡು ಅದು. ಪ್ರೆಸ್ಸಿನ ಹಿಡಿ ಬೆಣ್ಣೆಯಲ್ಲಿ ಇಳಿದಂತೆ ಇಳಿಯಿತು. ತನ್ನ ಮುಲಾಮು ಎಲ್ಲಿಗೆ ಹೋಯಿತೆಂದು ಅಮ್ಮ ಎರಡು ದಿನ ಹುಡುಕಿದಳು.

ಅಂದಿನಿಂದ ಎಣ್ಣೆ ಹಚ್ಚುವ ಕೆಲಸ ಅಜ್ಜಿಗೂ ನನಗೂ ಬಂತು. ಒಂದೊಂದೇ ಕೊಳವೆಯನ್ನು ಹೆಬ್ಬೆರಳು ತೋರುಬೆರಳ ನಡುವೆ ಉರುಳಿಸಬೇಕು, ಕೊರಳಿನ ಒಳಗೆ ಹತ್ತಿಯ ಕಡ್ಡಿಯಲ್ಲಿ ಸವರಿದರೆ ಸಾಕು, ಆಮೇಲೆ ಸ್ವಲ್ಪ ಹೊತ್ತು ತಟ್ಟೆಯಲ್ಲಿ ಬಿಡಬೇಕು. ನಾನು ಮೊದಲು ಹಚ್ಚಿದ್ದನ್ನು ಅಜ್ಜಿ ಬೆಳಕಿಗೆ ಹಿಡಿದು ನೋಡಿ ಸೀರೆಯ ಸೆರಗಿಗೆ ಒರೆಸಿ ವಾಪಸ್ ಕೊಟ್ಟಳು.

"ಇದು ಹೊಳೀತದೆ. ಹೊಳೆದ್ರೆ ಜಾಸ್ತಿ ಆಯ್ತು ಅಂತ. ಕಣ್ಣಿಗೆ ಕಾಣಬಾರ್ದು ಕುಂಞಿ, ಬೆರಳಿಗೆ ಗೊತ್ತಾಗ್ಬೇಕು."

ಕುಂಞಿ ಎಂದರೆ ಅವರ ಭಾಷೆಯಲ್ಲಿ ಮಗು. ನಾವು ಹಚ್ಚಿ ಕೊಟ್ಟದ್ದನ್ನು ತೆರಾದಾ ಸಾನ್ ಅಚ್ಚಿಗೆ ಒತ್ತುತ್ತಿದ್ದರು, ಒತ್ತಿದ ಮೇಲೆ ಆಲ್ಕೋಹಾಲ್ ಬಟ್ಟೆಯಲ್ಲಿ ಒರೆಸಿ ಒಣಗಿಸುತ್ತಿದ್ದರು. ಎಣ್ಣೆ ಉಳಿದ ಕಾಡತೂಸು ಕೋವಿಯನ್ನೇ ಹಿಂದಕ್ಕೆ ಒದೆಯುತ್ತದಂತೆ. ಅಲ್ಲಿಂದ ಮುಂದಿನದೆಲ್ಲ ಬೀಗದ ಕೋಣೆಯಲ್ಲಿ, ಅವರೊಬ್ಬರೇ. ಅಮ್ಮ ಮಾತ್ರ ಈ ಕಡೆ ತಲೆಹಾಕಲಿಲ್ಲ. ಕೋವಿ ಎಂಬ ಮಾತೇ ಅವಳಿಗೆ ಆಗುತ್ತಿರಲಿಲ್ಲ.

ಅಜ್ಜಿಗೆ ಚಂಗಪ್ಪ ಎಂಬ ತಮ್ಮನಿದ್ದ. ತಾಯಿ ಬೇಗ ಹೋದದ್ದರಿಂದ ಅವನನ್ನು ಎತ್ತಿ ಆಡಿಸಿ ಬೆಳೆಸಿದವಳು ಅಜ್ಜಿಯೇ. ಪ್ರತಿ ಭಾನುವಾರ ಫೋನಿನಲ್ಲಿ ಬರುತ್ತಿದ್ದ. ಮಾತಿಗೊಂದು ಕೆಮ್ಮು, ಬೀಡಿಯ ಕೆಮ್ಮು, ಮೂರು ಸಲ ಕೆಮ್ಮಿ ಕೊನೆಗೊಂದು ಗುಟುರು. ನಿನಗೇ ಜಪಾನ್, ನಮಗಿಲ್ಲವೇ ಎಂದು ಅಕ್ಕನನ್ನು ಕಾಡುತ್ತಿದ್ದ. ಒಂದು ಸಲ ಬಂದೇ ಬರುತ್ತೇನೆ ನೋಡು ಎಂದು ಪ್ರತಿ ವಾರ ಹೇಳುತ್ತಿದ್ದ. ಕೊರೊನಾ ಎಂದು ಅವನನ್ನು ಮೈಸೂರಿನ ಆಸ್ಪತ್ರೆಗೆ ಸೇರಿಸಿದ್ದಾರೆಂಬ ಸುದ್ದಿ ಬಂದದ್ದು ಒಂದು ಬುಧವಾರ. ಅದಾಗಿ ಕೆಲವು ದಿನಕ್ಕೆ, ಮಧ್ಯಾಹ್ನ, ಅಜ್ಜಿಯೂ ನಾನೂ ಜಗಲಿಯಲ್ಲಿ ಕೂತು ಎಣ್ಣೆ ಹಚ್ಚುತ್ತಿದ್ದಾಗ ಬೆಟ್ಟದ ಕಡೆಯಿಂದ ಎರಡು ಗುಂಡಿನ ಸದ್ದು ಕೇಳಿತು. ಒಂದರ ಬೆನ್ನಿಗೆ ಇನ್ನೊಂದು, ನಡುವೆ ಉಸಿರೆಳೆಯುವಷ್ಟೂ ಬಿಡುವಿಲ್ಲ. ಅಜ್ಜಿಯ ಕೈಯಲ್ಲಿದ್ದ ಕೊಳವೆ ಹಲಗೆಯ ಮೇಲೆ ಬಿದ್ದು ಉರುಳಿತು. ಕೊಡಗಿನಲ್ಲಿ ಒಂದು ಗುಂಡು ಹಾರಿದರೆ ಗಂಡುಮಗು ಹುಟ್ಟಿತು ಎಂದರ್ಥ. ಹೀಗೆ ಜೋಡಿ ಗುಂಡು ಹಾರಿದರೆ ಸಾವು. ಸುತ್ತಲಿನ ಮನೆಯವರು ಕೈಯಲ್ಲಿದ್ದ ಕೆಲಸ ಬಿಟ್ಟು ಹೊರಡುತ್ತಾರೆ. ಅಜ್ಜಿ ಹಾಗೇ ಎದ್ದು ನಿಂತಳು, ಹೊರಡುವವಳ ಹಾಗೆ, ಆಮೇಲೆ ತಾನೆಲ್ಲಿದ್ದೇನೆಂದು ನೆನಪಾಗಿ ಕೂತಳು.

ಆ ಸಂಜೆ ಫೋನು ಬಂತು. ಚಂಗಪ್ಪ ಹೋದದ್ದು ಅದೇ ಹೊತ್ತಿಗೆ. ದೇಹವನ್ನು ಆಸ್ಪತ್ರೆಯವರೇ ಸುತ್ತಿ ಕಟ್ಟಿ, ಪಾಲಿಕೆಯವರೇ ಒಯ್ದು ಮುಗಿಸಿದ್ದರು. ಊರಿಗೆ ತರಲಿಲ್ಲ, ಯಾರೂ ನೋಡಲಿಲ್ಲ, ಗುಂಡು ಹಾರಿಸಲಿಲ್ಲ. ಅಪ್ಪ ಮೆಲ್ಲಗೆ ತೆರಾದಾ ಸಾನ್ ಅವರನ್ನು ಕೇಳಿಬಂದ. ಅಂದು ಬೆಟ್ಟಕ್ಕೆ ಯಾರೂ ಹೋಗಿರಲಿಲ್ಲ. ಸೋಂಕಿನ ಭಯಕ್ಕೆ ತಂಡವೇ ಕೆಲಸ ನಿಲ್ಲಿಸಿತ್ತು. ಲಾರಿಯ ಟೈರು ಒಡೆದಿರಬೇಕು ಎಂದು ಅಪ್ಪ ಹೇಳಿದ. ನಾನೂ ಕೇಳಿದೆ, ಎರಡೂ ಕೇಳಿದೆ ಎಂದೆ.

ಮರುದಿನ ಬೆಳಿಗ್ಗೆ ಗೆಂಕಾನಿನಲ್ಲಿ ಆ ದೊಡ್ಡ ರಬ್ಬರ್ ಚಪ್ಪಲಿಯ ಮೂತಿ ಮನೆಯ ಕಡೆಗಿತ್ತು. ಉಳಿದವೆಲ್ಲ ಅಮ್ಮ ಇಟ್ಟ ಹಾಗೇ ಇದ್ದವು. ಇದೊಂದು ಜೊತೆ ಮಾತ್ರ, ಹೊರಗಿನಿಂದ ಬಂದವರು ಕಳಚಿ ಮೆಟ್ಟಿಲು ಹತ್ತಿದಂತೆ, ಒಂದು ಸ್ವಲ್ಪ ಮುಂದೆ, ಒಂದು ಸ್ವಲ್ಪ ಹಿಂದೆ. ಅಮ್ಮ ನನ್ನನ್ನು ಗದರಿ, ಚಪ್ಪಲಿಯನ್ನು ಒರೆಸಿ, ತಿರುಗಿಸಿಟ್ಟಳು. ಅದರ ಮರುದಿನವೂ ಹಾಗೇ ಇತ್ತು. ಅಮ್ಮ ಅಪ್ಪನನ್ನು ಕೇಳಿದಳು, ಅಪ್ಪ ತಾನಲ್ಲ ಎಂದ. ಅಜ್ಜಿಯನ್ನು ಕೇಳುವ ಧೈರ್ಯ ಅವಳಿಗಾಗಲಿಲ್ಲ. ಅಜ್ಜಿ ತಾನಾಗಿಯೇ ಅಮ್ಮನಿಗೆ ಹೇಳಿದಳು.

"ಅವನಿಗೆ ಯಾರೂ ಹೇಳ್ಲಿಲ್ಲವಲ್ಲ ಶೈಲಾ. ಗುಂಡು ಹಾರ್ಸಿದ್ರೆ ಸತ್ತವನಿಗೂ ಗೊತ್ತಾಗ್ತದೆ, ತಾನು ಸತ್ತೆ ಅಂತ. ಇವನಿಗೆ ಗೊತ್ತಾಗ್ಲಿಲ್ಲ. ಜಪಾನ್ ನೋಡ್ಬೇಕು ಅಂತಿದ್ದ, ಬಂದಿದ್ದಾನೆ."

ಮಗುವಿನ ಮುಂದೆ ಇಂಥ ಮಾತು ಬೇಡ ಅತ್ತೆ ಎಂದು ಅಮ್ಮ ನನ್ನನ್ನು ಒಳಗೆ ಎಳೆದುಕೊಂಡು ಹೋದಳು. ನನಗಂತೂ ಗೆಂಕಾನಿನ ಕಡೆ ಒಬ್ಬಳೇ ಹೋಗಲು ಹೆದರಿಕೆ ಶುರುವಾಯಿತು. ಊಟಕ್ಕೆ ಕೂತಾಗ ಅಜ್ಜಿ ಪಕ್ಕದ ಜಾಗವನ್ನು ಸುಮ್ಮನೆ ಬಿಟ್ಟು ಆಚೆ ಸರಿದು ಕೂರುತ್ತಿದ್ದಳು. ಅಮ್ಮ ಅದನ್ನು ನೋಡಿಯೂ ನೋಡದಂತೆ ಬಡಿಸುತ್ತಿದ್ದಳು.

ಕೊನೆಗೆ ಅಜ್ಜಿ ಅಪ್ಪನನ್ನು ಮುಂದಿಟ್ಟುಕೊಂಡು ತೆರಾದಾ ಸಾನ್ ಅವರ ಅಂಗಳಕ್ಕೆ ಹೋದಳು. ತಮ್ಮನಿಗೆ ಎರಡು ಗುಂಡು ಹಾರಿಸಬೇಕು, ಮಾದದ ದಿನದೊಳಗೆ. ಮಾದ ಎಂದರೆ ಕೊಡವರ ಸೂತಕ ಕಳೆಯುವ ದಿನ, ಅದು ಆ ಭಾನುವಾರವೇ ಇತ್ತು. ಆಕಾಶಕ್ಕೆ ಗುಂಡು ಹಾರಿಸುವುದು ಜಪಾನಿನಲ್ಲಿ ಅಪರಾಧ, ಕೋವಿಯನ್ನೇ ಕಿತ್ತುಕೊಳ್ಳುತ್ತಾರೆ. ತೆರಾದಾ ಸಾನ್ ಒಳಗೆ ಹೋಗಿ ಕ್ಯಾಲೆಂಡರ್ ನೋಡಿ ಬಂದರು. ಬೆಟ್ಟದಾಚೆ ಶೂಟಿಂಗ್ ರೇಂಜ್ ಇದೆ, ಅಲ್ಲಿ ಗುರಿಗೆ ಹೊಡೆಯಬಹುದು, ಭಾನುವಾರ ಬೆಳಿಗ್ಗೆ ತೆರೆದಿರುತ್ತದೆ, ಅದಾದ ಮೇಲೆ ತುರ್ತು ಸ್ಥಿತಿಯೆಂದು ಎಷ್ಟು ದಿನ ಮುಚ್ಚುತ್ತಾರೋ ಗೊತ್ತಿಲ್ಲ ಎಂದರು. ಮಾಡಿಟ್ಟ ಕಾಡತೂಸು ಒಂದೂ ಇರಲಿಲ್ಲ, ಬೇಕಾದಾಗ ಬೇಕಾದಷ್ಟೇ ಮಾಡಿಕೊಳ್ಳುವುದು ಅವರ ಪದ್ಧತಿ. ಶನಿವಾರ ಬೆಳಿಗ್ಗೆ ಅಜ್ಜಿ ಸ್ನಾನ ಮಾಡಿ ಬಂದು ಕೊಳವೆಗಳಿಗೆ ಎಣ್ಣೆ ಹಚ್ಚಿದಳು. ಅಂದು ನನ್ನ ಕೈಗೆ ಒಂದನ್ನೂ ಕೊಡಲಿಲ್ಲ. ತಟ್ಟೆಯನ್ನು ನಮ್ಮ ಜಗಲಿಯಲ್ಲೇ ನೆರಳಿಗೆ ಇಟ್ಟು ಒಳಗೆ ಹೋಗಿ ಮಲಗಿದಳು.

ಶನಿವಾರ ನನಗೆ ಕಂಪ್ಯೂಟರಿನಲ್ಲಿ ಕನ್ನಡ ಕ್ಲಾಸು. ಟೋಕಿಯೋದ ಎಡೋಗಾವಾದಲ್ಲಿದ್ದ ಒಬ್ಬ ಆಂಟಿ ನಡೆಸುತ್ತಿದ್ದರು. ಟೋಕಿಯೋ ಕಡೆಯ ಮಕ್ಕಳೇ ಜಾಸ್ತಿ, ಹಮಾಮತ್ಸುವಿನಿಂದ ನಾನೊಬ್ಬಳು. ಕಾಗುಣಿತ ಓದುತ್ತಿದ್ದೆ. ಆಂಟಿ ನಡುವೆ ತಡೆದರು.

"ಒಂದ್ನಿಮಿಷ ಪುಟ್ಟಿ, ಮ್ಯೂಟ್ ಮಾಡ್ಕೋ. ನಿಮ್ಮನೇಲಿ ಯಾರೋ ತುಂಬ ಕೆಮ್ತಿದಾರೆ. ಅಮ್ಮನ್ನ ಕರಿ, ಯಾರಿಗೆ ಹುಷಾರಿಲ್ಲ?"

ನನಗೆ ಏನೂ ಕೇಳಿಸಿರಲಿಲ್ಲ. ಟೋಕಿಯೋದ ಕೋಟೋ ಕಡೆಯ ಹುಡುಗಿಯೊಬ್ಬಳು ತನಗೂ ಕೇಳಿತು ಎಂದು ಇಂಗ್ಲಿಷಿನಲ್ಲಿ ಹೇಳಿ ಕೆಮ್ಮಿ ತೋರಿಸಿದಳು, ಮೂರು ಸಲ, ಕೊನೆಗೊಂದು ಗುಟುರು. ಬಾಗಿಲಲ್ಲಿ ನಿಂತಿದ್ದ ಅಮ್ಮ ಬಂದು ಕಂಪ್ಯೂಟರನ್ನೇ ಮುಚ್ಚಿಬಿಟ್ಟಳು. ಅಪ್ಪ ಅಂಗಡಿಗೆ ಹೋಗಿದ್ದ, ಅಜ್ಜಿ ನಿದ್ದೆಯಲ್ಲಿದ್ದಳು. ಮನೆಯಲ್ಲಿ ಕೆಮ್ಮುವವರು ಯಾರೂ ಇರಲಿಲ್ಲ. ಅಮ್ಮ ಕೈಗವಸು ಹಾಕಿಕೊಂಡಳು, ಸ್ಯಾನಿಟೈಸರ್ ಬಾಟಲಿ ಹಿಡಿದಳು. ನಾನು ಕೋಣೆಯ ಮೂಲೆಯಲ್ಲಿ ಮುದುರಿ ಕೂತು ಅವಳು ಮನೆಯ ಆ ತುದಿಯಿಂದ ಈ ತುದಿಗೆ ಸ್ಪ್ರೇ ಮಾಡುತ್ತ ಬರುವ ಸದ್ದು ಕೇಳುತ್ತಿದ್ದೆ, ಬಾಗಿಲ ಹಿಡಿ, ಗೋಡೆ, ಕುರ್ಚಿಯ ಕಾಲು, ಜಗಲಿ. ಅವಳು ಏನನ್ನು ಅಳಿಸಲು ಹೊರಟಿದ್ದಳೋ ಅವಳಿಗೂ ಗೊತ್ತಿದ್ದಂತೆ ಕಾಣಲಿಲ್ಲ.

ಮಧ್ಯಾಹ್ನ ತೆರಾದಾ ಸಾನ್ ತಟ್ಟೆ ತೆಗೆದುಕೊಂಡು ಹೋದರು. ಅಜ್ಜಿ, ಅಪ್ಪ, ನಾನು ಪ್ರೆಸ್ಸು ಇದ್ದ ಅವರ ಷೆಡ್ಡಿನ ಬಾಗಿಲಲ್ಲಿ ನಿಂತೆವು. ಮೊದಲನೆಯ ಕೊಳವೆಯನ್ನು ಇಟ್ಟು ಹಿಡಿ ಒತ್ತಿದರು. ಅರ್ಧ ದಾರಿಯಲ್ಲಿ ಕೀರಲು ಸದ್ದು ಬಂತು, ಅವರು ಕೈ ತಡೆಯುವುದರೊಳಗೆ ಅದು ಪೂರ್ತಿ ಒಳಗೆ ಹೋಗಿತ್ತು. ವಾಪಸ್ ಎತ್ತಲು ಹೋದರೆ ಹಿಡಿ ಅಲುಗಲಿಲ್ಲ. ಇಡೀ ಮೈಭಾರ ಹಾಕಿದಾಗ ಟಕ್ ಎಂದು ಹಿಡಿ ಸಡಿಲವಾಯಿತು. ಬುಡದ ಅಂಚು ಹರಿದು ಕೆಳಗೆ ಬಿದ್ದಿತ್ತು, ಕೊಳವೆ ಅಚ್ಚಿನಲ್ಲೇ ಉಳಿದಿತ್ತು. ಆ ಅಳತೆಗೆ ಅವರ ಹತ್ತಿರ ಇದ್ದದ್ದು ಆ ಅಚ್ಚೊಂದೇ. ಇನ್ನೊಂದು ಹಡಗಿನಲ್ಲಿ ಬರಬೇಕು, ಹಡಗು ಎಂದು ಬರುತ್ತದೋ ಯಾರಿಗೂ ಗೊತ್ತಿಲ್ಲ. ತೆರಾದಾ ಸಾನ್ ಟೋಪಿ ತೆಗೆದು ಅಜ್ಜಿಯ ಕಡೆ ತಿರುಗಿ ಸೊಂಟದವರೆಗೂ ಬಾಗಿದರು. ಮೋಶಿವಾಕೆ ಅರಿಮಾಸೆನ್ ಎಂದರು, ಕ್ಷಮೆಗೂ ಅರ್ಹನಲ್ಲ ಎನ್ನುವ ಮಾತು ಅದು. ಬಾಗಿದವರು ಏಳಲೇ ಇಲ್ಲ. ಅಜ್ಜಿ ಅಚ್ಚನ್ನೇ ನೋಡುತ್ತಿದ್ದಳು.

"ಅವನಿಗೆ ಹೋಗ್ಲಿಕ್ಕೆ ಮನಸ್ಸಿಲ್ಲ," ಎಂದಳು.

ಆ ಚಪ್ಪಲಿ ಇನ್ನು ಯಾವಾಗಲೂ ಹಾಗೇ ಇರುತ್ತದೆ, ಆ ಕೆಮ್ಮು ನಾನು ಬೆಳೆದು ದೊಡ್ಡವಳಾದರೂ ಮನೆಯಲ್ಲೇ ಇರುತ್ತದೆ ಎಂದು ನನಗೆ ಖಾತ್ರಿಯಾಯಿತು. ಅಷ್ಟರಲ್ಲಿ ಅಪ್ಪ ತಟ್ಟೆಯಿಂದ ಇನ್ನೊಂದು ಕೊಳವೆ ಎತ್ತಿ ಬೆರಳಲ್ಲಿ ಉರುಳಿಸಿದ. ಮತ್ತೊಂದನ್ನು ಎತ್ತಿದ. ಮೂಸಿ ನೋಡಿ ಅಜ್ಜಿಗೆ ಕೊಟ್ಟ. ಎಲ್ಲವೂ ಕಟಕಟ ಒಣಗಿದ್ದವು. ಅಜ್ಜಿ ಕೊಳವೆಯನ್ನು ಕೆನ್ನೆಗೆ ಒತ್ತಿ ನೋಡಿದಳು, ಅವಳ ಮುಖದ ಮೇಲೆ ಅಂಥ ಭಯವನ್ನು ನಾನು ಅದುವರೆಗೆ ಕಂಡಿರಲಿಲ್ಲ. ತಾನೇ ಹಚ್ಚಿದ ಎಣ್ಣೆ ತಾನೇ ಮಾಯವಾದರೆ ಯಾರಿಗಾದರೂ ಭಯವಾಗಬೇಕಾದದ್ದೇ. ಹಿಂದಿನಿಂದ ಅಮ್ಮನ ದನಿ ಬಂತು. ಯಾವಾಗ ಬಂದು ನಿಂತಿದ್ದಳೋ, ಕೈಗವಸು ಇನ್ನೂ ಕೈಯಲ್ಲೇ ಇತ್ತು.

"ನಾನು ಒರೆಸ್ದೆ ಅತ್ತೆ. ಜಗಲೀಲಿತ್ತು, ಹೊರಗಿಂದ ಬಂದಿದ್ದು ಅಂತ... ಒಂದೊಂದೂ ಒರೆಸ್ದೆ. ನಂಗೂ ಕೇಳಿಸ್ತು ಆ ಕೆಮ್ಮು. ಬಾಗಿಲ ಹತ್ರಾನೇ ಇದ್ನಲ್ಲ, ಕೇಳಿಸ್ತು."

ಮೂಢನಂಬಿಕೆ ಎಂದು ಬಾಯಿ ಮುಚ್ಚಿಸುತ್ತಿದ್ದವಳು ಅಷ್ಟು ದಿನವೂ ನಮ್ಮೆಲ್ಲರಿಗಿಂತ ಜಾಸ್ತಿ ಹೆದರಿದ್ದಳು. ಅಪ್ಪ ತೆರಾದಾ ಸಾನ್ ಅವರಿಗೆ ವಿಷಯ ತಿಳಿಸಿದ. ಅವರು ನಿಧಾನ ಎದ್ದು ನಿಂತು, ಅಮ್ಮನ ಮುಖ ನೋಡಿದರು, ಅವಳ ಕೈಯ ಬಾಟಲಿ ನೋಡಿದರು. ಮಾಸ್ಕಿನ ಮೇಲೆ ಕಣ್ಣುಗಳು ಕಿರಿದಾದವು. ಒರೆಸುವುದು ಬೇಕೇ ಬೇಕು, ಅದು ಒತ್ತಿದ ಮೇಲಿನ ಕೆಲಸ, ಇವರು ಸ್ವಲ್ಪ ಬೇಗ ಬಂದುಬಿಟ್ಟರು ಎಂದರಂತೆ. ಅಜ್ಜಿ ಸೊಸೆಯ ಕೈಗವಸನ್ನು ತಾನೇ ಬೆರಳು ಬೆರಳಾಗಿ ಕಳಚಿದಳು. ಒಡೆದ ಗೆಣ್ಣುಗಳನ್ನು ಒಂದು ಗಳಿಗೆ ನೋಡಿ, ಎಣ್ಣೆಯ ಬಟ್ಟಲಿಗೆ ಬೆರಳದ್ದಿ, ಮೊದಲು ಆ ಗೆಣ್ಣುಗಳಿಗೆ ಹಚ್ಚಿದಳು. ಆಮೇಲೆ ಒಂದು ಕೊಳವೆಯನ್ನು ಅಮ್ಮನ ಅಂಗೈಯಲ್ಲಿಟ್ಟಳು.

"ಈ ಸಲ ನೀನೇ ಹಚ್ಚು."

ಅಮ್ಮ ಕಲಿತಳು. ಮೊದಲು ಜಾಸ್ತಿ ಹಚ್ಚಿದಳು, ಅಜ್ಜಿ ಸೆರಗಿಗೆ ಒರೆಸಿ ವಾಪಸ್ ಕೊಟ್ಟಳು. ಬೆಂಚಿನ ಆ ಕಡೆ ಅಪ್ಪ ಅಚ್ಚಿನ ಜೊತೆ ಗುದ್ದಾಡುತ್ತಿದ್ದ. ಒಳಗಿನ ಸೂಜಿ ಕಡ್ಡಿಯನ್ನು ಮೇಲಿನಿಂದ ಬಿಚ್ಚಿ ತೆಗೆದ. ಅಚ್ಚನ್ನು ಬೋರಲು ಮಾಡಿ ವೈಸಿನ ಇಕ್ಕುಳಕ್ಕೆ ಕಚ್ಚಿಸಿ, ಸಿಕ್ಕಿದ ಕೊಳವೆಯ ಬುಡದಲ್ಲಿ ತೂತು ಕೊರೆದು, ತೂತಿನೊಳಗೆ ತಿರುಪಿನ ಗೆರೆ ಕೊಯ್ದು ಬೋಲ್ಟು ತಿರುಗಿಸಿದ. ಅಚ್ಚಿನ ಬಾಯಿಗೆ ಒಂದು ದೊಡ್ಡ ನಟ್ಟನ್ನು ಮಣೆಯಂತೆ ಕೂರಿಸಿ, ಅದರ ಮೇಲೆ ವಾಷರಿಟ್ಟು, ಬೋಲ್ಟಿಗೆ ಇನ್ನೊಂದು ನಟ್ಟು ಹಾಕಿ ಸ್ಪ್ಯಾನರಿನಲ್ಲಿ ಬಿಗಿಯುತ್ತ ಹೋದ. ಬಿಗಿದಷ್ಟೂ ಕೊಳವೆ ಮೇಲೆ ಬರಬೇಕು. ಬಹಳ ಹೊತ್ತು ಏನೂ ಆಗಲಿಲ್ಲ. ಆಮೇಲೆ ಒಂದು ಸದ್ದಾಯಿತು, ಯಾರೋ ಗಂಟಲು ಸರಿಮಾಡಿಕೊಂಡ ಹಾಗೆ, ಕೊಳವೆ ಸಡಿಲಾಗಿ ಮೇಲೆದ್ದು ಬಂತು. ನಾವು ಒಬ್ಬರ ಮುಖ ಒಬ್ಬರು ನೋಡಲಿಲ್ಲ. ತೆರಾದಾ ಸಾನ್ ಅಚ್ಚಿನೊಳಗೆ ಟಾರ್ಚು ಬಿಟ್ಟು ನೋಡಿ, ಗೀರು ಬಿದ್ದಿಲ್ಲವೆಂದು ತಲೆಯಾಡಿಸಿದರು. ಅಮ್ಮ ಎಣ್ಣೆ ಹಚ್ಚಿದ ಎರಡು ಕೊಳವೆಗಳು ಸದ್ದೇ ಇಲ್ಲದೆ ಇಳಿದು ಸದ್ದೇ ಇಲ್ಲದೆ ಹೊರಬಂದವು. ಅವನ್ನು ಒರೆಸಿ ಒಣಗಿಸಿ ಕೊಟ್ಟವಳೂ ಅಮ್ಮನೇ, ತನ್ನದೇ ಬಾಟಲಿಯಿಂದ. ನನಗೆ ಅಳು ಬಂತು, ಯಾಕೆಂದು ಆಗ ತಿಳಿಯಲಿಲ್ಲ.

ಭಾನುವಾರ ಬೆಳಿಗ್ಗೆ ನಾಲ್ವರೂ ಅಪ್ಪನ ಕಾರಿನಲ್ಲಿ ಹೋದೆವು. ಗೆಂಕಾನಿನಲ್ಲಿ ರಬ್ಬರ್ ಚಪ್ಪಲಿ ಆಗಲೂ ಒಳಮುಖವಾಗಿಯೇ ಇತ್ತು, ಅಮ್ಮ ಅದನ್ನು ದಾಟಿ ಬಂದು ಬೀಗ ಹಾಕಿದಳು. ರೇಂಜಿನ ಒಳಗೆ ನಮಗೆ ಪ್ರವೇಶವಿಲ್ಲ, ಹೊರಗೆ ಕಾರು ನಿಲ್ಲಿಸುವ ಜಾಗದಲ್ಲಿ ಮಾಸ್ಕ್ ಹಾಕಿಕೊಂಡು ನಿಂತೆವು. ತೆರಾದಾ ಸಾನ್ ಅವರದ್ದಲ್ಲದೆ ಬೇರೆ ವಾಹನವಿರಲಿಲ್ಲ. ಕೊಡಗು ಯಾವ ಕಡೆ ಎಂದು ಅಜ್ಜಿ ಕೇಳಿದಳು, ಅಪ್ಪ ಫೋನು ನೋಡಿ ಪಶ್ಚಿಮಕ್ಕೆ ತಿರುಗಿಸಿ ನಿಲ್ಲಿಸಿದ. ಒಳಗಿನಿಂದ ಎರಡು ಗುಂಡು, ತೆರಾದಾ ಸಾನ್ ಅವರ ಎಪ್ಪತ್ತು ದಾಟಿದ ಕೈಗೆ ಸಾಧ್ಯವಾದಷ್ಟು ಬೇಗ, ಒಂದರ ಬೆನ್ನಿಗೆ ಇನ್ನೊಂದು. ಸದ್ದು ಬೆಟ್ಟ ಸುತ್ತಿ ಬಂತು. ಅಜ್ಜಿ ಕೈ ಜೋಡಿಸಿ, ಮಕ್ಕಳನ್ನು ಶಾಲೆಗೆ ಕಳಿಸುವಾಗಿನ ದನಿಯಲ್ಲಿ, ಹೋಗು ಚಂಗಪ್ಪ ಎಂದಳು. ಅಮ್ಮ ಅವಳ ತೋಳು ಹಿಡಿದಿದ್ದಳು. ಮನೆಗೆ ಬಂದು ಬೀಗ ತೆಗೆದವಳು ಅಮ್ಮ. ತೆಗೆದು ಹಾಗೇ ನಿಂತಳು. ರಬ್ಬರ್ ಚಪ್ಪಲಿಯ ಮೂತಿ ಬಾಗಿಲ ಕಡೆಗಿತ್ತು. ಅಮ್ಮ ಒಳಗೆ ಹೋಗಿ ಅನ್ನಕ್ಕಿಟ್ಟಳು. ಆ ಕೆಮ್ಮು ಮತ್ತೆ ಯಾರಿಗೂ ಕೇಳಿಸಲಿಲ್ಲ.

ವಿಮಾನ ಸಿಕ್ಕ ಮೇಲೆ ಅಜ್ಜಿ ಊರಿಗೆ ಹೋದಳು. ಖಾಲಿಯಾಗದ ಒಂದು ಬಾಟಲಿ ಎಣ್ಣೆಯನ್ನೂ ತನ್ನ ಹಳೆಯ ಚಪ್ಪಲಿಗಳನ್ನೂ ನಮ್ಮಲ್ಲೇ ಬಿಟ್ಟಳು, ಮತ್ತೆ ಬರುತ್ತೇನಲ್ಲ ಎಂದು. ಬರಲಾಗಲಿಲ್ಲ. ಜಪಾನಿನ ಬಾಗಿಲು ಹೊರಗಿನವರಿಗೆ ಮುಚ್ಚಿಯೇ ಇತ್ತು, ನಾವು ಹೋದರೂ ವಾಪಸ್ ಬಿಡುತ್ತಾರೋ ಇಲ್ಲವೋ ಎನ್ನುವ ಕಾಲ. ಅಂಥದ್ದೇ ದಿನಗಳ ಒಂದು ಮಧ್ಯಾಹ್ನ, ಅಪ್ಪ ಕಾರ್ಖಾನೆಯಲ್ಲಿದ್ದ, ಅಮ್ಮನೂ ನಾನೂ ಅಡುಗೆಮನೆಯಲ್ಲಿ ಹುರುಳಿಕಾಯಿ ಸೋಸುತ್ತಿದ್ದೆವು. ಅಮ್ಮ ಕೈ ನಿಲ್ಲಿಸಿದಳು. ನನಗೂ ಕೇಳಿತ್ತು, ಒಂದರ ಬೆನ್ನಿಗೆ ಇನ್ನೊಂದು. ಅಮ್ಮ ಒಲೆ ಆರಿಸಿ, ಕೈ ಒರೆಸಿಕೊಂಡು, ಫೋನಿನ ಪಕ್ಕ ಹೋಗಿ ನಿಂತಳು. ಸ್ವಲ್ಪ ಹೊತ್ತಿಗೆ ಅದು ಹೊಡೆದುಕೊಂಡಿತು. ಆ ಕಡೆಯವರು ಸುದ್ದಿ ಹೇಳುವ ಮೊದಲೇ ಅಮ್ಮ ಕೇಳಿದಳು.

"ಗುಂಡು ಹಾರ್ಸಿದ್ರಾ? ಈಗ್ತಾನೇ ಅಲ್ವಾ?"

ಹೌದಂತೆ. ಅಮ್ಮ ಫೋನು ಇಟ್ಟು ಗೆಂಕಾನಿಗೆ ಹೋದಳು. ಕಪಾಟಿನ ತಳದಿಂದ ಅಜ್ಜಿಯ ಚಪ್ಪಲಿಗಳನ್ನು ತೆಗೆದು ನೆಲದ ಮೇಲಿಟ್ಟಳು, ಮೂತಿ ಮನೆಯ ಕಡೆಗೆ, ಈಗಷ್ಟೇ ಬಂದವರು ಕಳಚಿದ ಹಾಗೆ. ಗುಂಡು ಹಾರಿಸಿದ್ದಾರಲ್ಲ, ಅಜ್ಜಿಗೆ ಗೊತ್ತಾಗಿರುತ್ತಲ್ಲ, ಯಾಕೆ ಬರುತ್ತಾಳೆ ಎಂದು ಕೇಳಿದೆ.

"ಗೊತ್ತಾಗಿರತ್ತೆ. ಹೋಗೋ ಮುಂಚೆ ಒಂದ್ಸಲ ಬಂದು ಹೋಗ್ಲಿ."

ಮರುದಿನ ಬೆಳಿಗ್ಗೆ ಚಪ್ಪಲಿಗಳ ಮೂತಿ ಬಾಗಿಲ ಕಡೆಗಿತ್ತು. ಅಮ್ಮ ಅಭ್ಯಾಸಬಲದಿಂದ ಸ್ಯಾನಿಟೈಸರ್ ಬಾಟಲಿ, ಬಟ್ಟೆ ಹಿಡಿದು ಬಂದಿದ್ದಳು. ಗೆಂಕಾನಿನ ಮರದ ಮೆಟ್ಟಿಲ ಅಂಚಿನಲ್ಲಿ, ಅಜ್ಜಿ ಮೊಣಕಾಲು ನೋವಿಗೆ ಯಾವಾಗಲೂ ಎಣ್ಣೆ ಕೈ ಊರಿ ಏಳುತ್ತಿದ್ದ ಜಾಗದಲ್ಲಿ, ಬಾಗಿ ಬಹಳ ಹೊತ್ತು ನೋಡಿದಳು. ಅಲ್ಲಿ ಏನೂ ಕಾಣುತ್ತಿರಲಿಲ್ಲ. ನನ್ನ ಕೈ ಹಿಡಿದು ಬೆರಳನ್ನು ಆ ಹಲಗೆಯ ಮೇಲೆ ಇರಿಸಿದಳು, ಬೆರಳಿಗೆ ಗೊತ್ತಾಯಿತು. ಅಮ್ಮ ಬಾಟಲಿಯನ್ನೂ ಬಟ್ಟೆಯನ್ನೂ ಒಳಗಿಟ್ಟು ಬಂದಳು. ನಾವು ಆ ಮನೆ ಬಿಡುವವರೆಗೂ ಆ ಮೆಟ್ಟಿಲನ್ನು ಅವಳು ಒರೆಸಲಿಲ್ಲ.